ಗಂಡನ ಪಾಲಿನ ಗ್ಲಾಸು

ಶಿವಾನಂದ ಮತ್ತೆ ತಾನೇ ಎದ್ದು ಪಬ್ಬಿನ ಕೌಂಟರಿಗೆ ಹೋದ. ಉಳಿದವರಿಗೆಲ್ಲ ಟೂರಿನ ಗೈಡೇ ಗ್ಲಾಸು ತಂದುಕೊಡುತ್ತಿದ್ದ. ಇವನೊಬ್ಬನೇ ಹೋಗಿ, ಬಗ್ಗಿ, ಕೆಂಪು ಗಡ್ಡದ ಮಾಲೀಕನ ಕಿವಿಯಲ್ಲಿ ಏನೋ ಹೇಳಿ, ನೊರೆ ತೇಲುವ ಕರಿ ಪೇಯದ ಗ್ಲಾಸು ಹಿಡಿದು ಬರುತ್ತಿದ್ದ. ಮೂಲೆಯ ಬೆಂಚಿನಲ್ಲಿದ್ದ ಅವನ ಹೆಂಡತಿ ಜಯಾ ಕಣ್ಣು ಕೀಳಲಿಲ್ಲ. ಕಿವಿಯಲ್ಲಿ ಹೇಳಿ ತರಿಸುವಂಥದ್ದು ಒಳ್ಳೆಯದು ಹೇಗಾದೀತು?

ಹುಬ್ಬಳ್ಳಿಯ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಲಿವರ್ ಹಾಳಾಗಿದೆ, ಇನ್ನು ಕುಡಿದರೆ ಮನುಷ್ಯ ಉಳಿಯುವುದಿಲ್ಲ. ಶಿವಾನಂದ ತಾಯಿಯ ಪಾದ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟಿದ್ದ. ಅಷ್ಟರಲ್ಲಿ ಈ ಟೂರು ಬಂತು. ಹೆಚ್ಚು ಬೀಜ ಮಾರಿದ ಅಂಗಡಿಯವರಿಗೆ ಕಂಪನಿ ಫುಕಟ್ಟಾಗಿ ತೋರಿಸುವ ಪರದೇಶ. ಹೋದ ವರ್ಷ ಬ್ಯಾಂಕಾಕ್, ಹೆಂಡಂದಿರಿಗೆ ಪ್ರವೇಶವಿರಲಿಲ್ಲ. ಈ ವರ್ಷ ಐರ್ಲೆಂಡ್, ಹೆಂಡಂದಿರೂ ಬರಬಹುದು ಎಂದರು. ಉಳಿದವರ ಹೆಂಡಂದಿರಿಗೆಲ್ಲ ಆ ವಾರವೇ ಮನೆಯಲ್ಲಿ ಏನೇನೋ ಕೆಲಸ ಬಿತ್ತು. ಬಂದವಳು ಜಯಾ ಒಬ್ಬಳೇ. ಹಿರೇಕೆರೂರು ಬಿಡುವಾಗ ಅತ್ತೆ ತಿಪ್ಪವ್ವ ಕಟಕು ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೈಗಿತ್ತು ಒಂದೇ ಮಾತು ಹೇಳಿದ್ದಳು: "ಅಂವನ ಮ್ಯಾಲೆ ಕಣ್ಣಿರ್ಲಿ, ಜಯಾ. ಊರು ಆಮ್ಯಾಲೆ ನೋಡೀಯಂತ."

ಊರು ನೋಡುವುದೂ ಬೇಗ ಮುಗಿಯುತ್ತಿತ್ತು. ಸಮುದ್ರದ ಅಂಚಿಗೆ ಗೋಡೆ ಕಟ್ಟಿದಂತೆ ನಿಂತ ಬಂಡೆಗಳ ಮೇಲೆ ಎಲ್ಲರೂ ಫೋಟೊ ತೆಗೆಸಿಕೊಂಡು, ಗಾಳಿಗೆ ಬೆನ್ನು ಮಾಡಿ ಯೂರಿಯಾ ರೇಟು ಮಾತಾಡಿದರು. ಹಾನಗಲ್ಲಿನ ಮಹಾಲಿಂಗಪ್ಪನವರು ಗುಂಪಿನ ಯಜಮಾನರು, ಹೋಲ್‌ಸೇಲ್ ವ್ಯಾಪಾರಿ. ಶಿವಾನಂದನ ಅಂಗಡಿಗೆ ಮಾಲು ಬರುವುದು ಅವರಿಂದಲೇ. ತಮ್ಮೂರಿನ ತಾರಕೇಶ್ವರ ಗುಡಿಯೊಳಗೆ ಕಾಲಿಟ್ಟು ಅವರಿಗೆ ಎಷ್ಟು ವರ್ಷವಾಗಿತ್ತೋ, ಇಲ್ಲಿ ಸೂರಿಲ್ಲದ ಕೋಟೆಯೊಂದರ ಮುಂದೆ ನಿಂತು, "ಹಳೇದನ್ನ ಹೆಂಗ ಕಾಪಾಡ್ಯಾರ ನೋಡ್ರಿ" ಎಂದು ನಿಟ್ಟುಸಿರುಬಿಟ್ಟರು. ಮುತ್ತಿಟ್ಟರೆ ಮಾತುಗಾರಿಕೆ ಬರುತ್ತದೆಂಬ ಕಲ್ಲೊಂದಿತ್ತು. ಅಂಗಾತ ಮಲಗಿ ಮೊದಲು ಮುತ್ತಿಟ್ಟವರೂ ಅವರೇ, ಅಗತ್ಯವಿಲ್ಲದಿದ್ದರೂ. ಜಯಾ ದೂರ ನಿಂತಳು. ಜಗತ್ತೆಲ್ಲ ಬಾಯಿ ಇಟ್ಟ ಕಲ್ಲು. ಅಲ್ಲದೆ ಅವಳು ಚಿಕ್ಕಂದಿನಿಂದ ಅಳೆದು ತೂಗಿ ಮಾತಾಡಿದವಳು. ಹೆಚ್ಚಿನ ಮಾತು ಅವಳಿಗೆ ಬೇಕಿರಲಿಲ್ಲ.

ಸಂಜೆಯಾದರೆ ಪಬ್ಬು. ಸಂಜೆಯೆಂದರೂ ಅಲ್ಲಿಯ ಸೂರ್ಯನಿಗೆ ಮುಳುಗುವ ಆತುರವಿರಲಿಲ್ಲ. ಸವಣೂರಿನ ಅಕ್ಬರಸಾಬ ಸೇಬಿನ ರಸ ಹಿಡಿದು ಕೂರುತ್ತಿದ್ದ. ಅವನಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮೊದಲ ದಿನ ಶಿವಾನಂದ ನೀರು ಕೇಳಿದ್ದಕ್ಕೆ ಮಾತ್ರ ಮಹಾಲಿಂಗಪ್ಪನವರು, "ಯಾಕೋ, ಬಸುರೇನು ನೀನು?" ಎಂದಿದ್ದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಮರುದಿನದಿಂದ ಕರಿ ಗ್ಲಾಸು.

"ಏನದು?" ಇವತ್ತು ಅವನು ಗ್ಲಾಸು ಹಿಡಿದು ಬಂದು ಕೂತೊಡನೆ ಜಯಾ ಪಿಸುಗುಟ್ಟಿದಳು.

"ಕಷಾಯ ತಿಳಕೋ."

"ಅತ್ತಿ ಕಾಲು ಮುಟ್ಟಿ ಆಣಿ ಮಾಡಿದ್ರಿ."

"ಮಾಡೇನಿ. ಸುಮ್ನ ಕೂಡು, ಅವ್ರು ನೋಡಾಕತ್ತಾರ."

ಯಾರೋ ಫೋಟೊಕ್ಕೆ ಕರೆದರು. ಶಿವಾನಂದ ಗ್ಲಾಸು ಇಟ್ಟು ಎದ್ದ. ಚೆಲ್ಲಲು ಜಾಗವಿರಲಿಲ್ಲ, ಯೋಚಿಸಲು ಹೊತ್ತಿರಲಿಲ್ಲ. ಜಯಾ ಮೂಗು ಮುಚ್ಚಿ, ಮನೆದೇವರನ್ನು ನೆನೆದು, ಗಟಗಟ ಕುಡಿದಿಟ್ಟಳು. ಬೇವಿನಷ್ಟು ಕಹಿ. ಅವನು ಬಂದ, ಖಾಲಿ ಗ್ಲಾಸು ನೋಡಿದ, ಅವಳ ತುಟಿಯ ಮೇಲಿನ ನೊರೆ ನೋಡಿದ. ಹೋಗಿ ಇನ್ನೊಂದು ತಂದ. ಅವನು ಇಡುವುದೇ ತಡ, ಜಯಾ ಅದನ್ನೂ ಎತ್ತಿದಳು. ಅವನೊಳಗೆ ಹೋಗುವುದಕ್ಕಿಂತ ತನ್ನೊಳಗೆ ಹೋಗಲಿ.

ಕಿವಿ ಬಿಸಿಯಾಯಿತು. ಎದೆಯಲ್ಲಿ ಏನೋ ಬಿಚ್ಚಿಕೊಂಡಂತಾಯಿತು. ಸರಿಯಾಗಿ ಆಗಲೇ ಮಹಾಲಿಂಗಪ್ಪನವರು ಗ್ಲಾಸೆತ್ತಿ ನಿಂತರು. "ಇದು ನಮ್ಮ ರೈತರ ಹೆಸರಿಲೆ."

"ಯಾವ ರೈತರು, ಸಾವ್ಕಾರ್ರ?"

ಆ ದನಿ ತನ್ನದೇ ಎಂದು ಜಯಾಗೆ ಗೊತ್ತಾಗುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಪಬ್ಬಿನವರು ಬಾಗಿಲ ಬಳಿ ಕೂತು ನುಡಿಸುತ್ತಿದ್ದ ಪಿಟೀಲು ನಿಂತಿತು.

"ಹಳೇ ಬೀಜಕ್ಕ ಹೊಸಾ ಚೀಲಾ ಹೊಲಿಸಿ ಕೊಟ್ರಲ್ಲ, ಅದನ್ನ ಬಿತ್ತಿದವ್ರ ಹೆಸರಿಲೇನು? ಮಾಸೂರಿನ ಲಕ್ಕಪ್ಪಜ್ಜ ಕಾಳಿಲ್ಲದ ಗೋವಿನಜ್ವಾಳದ ತೆನಿ ತಂದು ನಮ್ಮ ಅಂಗಡಿ ಕಟ್ಟಿ ಮ್ಯಾಲಿಟ್ಟು, ಒಂದು ಮಾತೂ ಅನ್ನದ ಹ್ವಾದ. ಅಂವ ಅನ್ನಲಿಲ್ಲ, ನಾ ಅಂತೇನಿ. ಇಲ್ಲಿ ಕುಂತು ನೀವು ಕುಡಿಯಾಕತ್ತಿದ್ದು ಅಂವನ ಬೆಳಿ."

ಸರದಿಯ ಮೇಲೆ ಎದ್ದು ಹಾಡುವುದು ಆ ಊರಿನ ಪದ್ಧತಿ. ಇವಳದೂ ಒಂದು ಹಾಡೆಂದುಕೊಂಡ ಐರಿಶರು ಮೇಜು ಕುಟ್ಟಿ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕ ಕಣ್ಣೊರೆಸಿಕೊಂಡ.

ಮಹಾಲಿಂಗಪ್ಪನವರ ಮುಖ ಕಪ್ಪಿಟ್ಟಿತು. ಆಮೇಲೆ ಅವರ ಕಣ್ಣು ಅವಳ ಮುಂದಿದ್ದ ಖಾಲಿ ಗ್ಲಾಸುಗಳ ಮೇಲೆ ಬಿತ್ತು. ನಕ್ಕರು. "ಶಿವಾನಂದ, ತಂಗಿಗೆ ಏರೈತಿ. ರೂಢಿ ಇಲ್ಲದವ್ರಿಗೆ ತಡಿಯಂಗಿಲ್ಲ. ಕುಡಿದವ್ರ ಮಾತು ಮನಸಿಗೆ ಹಚಗೊಳ್ಳಾಂವ ನಾ ಅಲ್ಲ. ನಿನ್ನ ಮಾಲಿಗೆ ಏನೂ ತ್ರಾಸಾಗಂಗಿಲ್ಲ, ಹೊರಗ ಕರಕೊಂಡು ಹೋಗು."

ಎಲ್ಲರೂ ಉಸಿರುಬಿಟ್ಟರು. ಅಕ್ಬರಸಾಬ ಸೇಬಿನ ರಸದೊಳಗೆ ಮುಖ ಮುಚ್ಚಿಕೊಂಡ.

ಹೊರಗೆ ತಣ್ಣನೆಯ ಗಾಳಿ. ಜಯಾ ಗೋಡೆಗೊರಗಿ ಅತ್ತಳು. "ನೀವು ಉಳೀಲಿ ಅಂತ ಕುಡದೆ. ನಶೇದಾಗ ನಾಲಿಗಿ ಹರೀತು. ನಿಮ್ಮ ಮಾನ ಕಳದೆ."

ಶಿವಾನಂದ ಅವಳ ಪಕ್ಕಕ್ಕೆ ಬಂದು ನಿಂತ.

"ಆಣಿ ಮುರದಿಲ್ಲ ನಾ, ಜಯಾ. ನೀರು ಕುಡದ್ರ ನಗತಾರ ಅಂತ, ನಶಾ ಇಲ್ಲದ ಕರಿ ಬೀರು ಕೊಡಪಾ, ಆದ್ರ ಎಲ್ಲಾರಿಗೆ ಕೊಡೋ ಗ್ಲಾಸಿನಾಗ ಕೊಡು ಅಂತ ಆ ಕೆಂಪು ಗಡ್ಡದಾಂವಗ ಗುಟ್ಟಿಲೆ ಹೇಳತಿದ್ದೆ. ನೀ ಕುಡಿದದ್ರಾಗ ನಶಾ ಏನೂ ಇರಲಿಲ್ಲ."

ಜಯಾ ಅಳು ನಿಲ್ಲಿಸಿದಳು. ತಲೆ ಎಂದಿನಷ್ಟೇ ತಿಳಿಯಾಗಿತ್ತು. ಕಿಟಕಿಯೊಳಗಿಂದ ಮಹಾಲಿಂಗಪ್ಪನವರ ನಗೆ ಕೇಳುತ್ತಿತ್ತು.

"ಒಳಗ ಯಾರಿಗೂ ಹೇಳಬ್ಯಾಡ್ರಿ," ಎಂದಳು.

ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಮಹಾಲಿಂಗಪ್ಪನವರಿಗೆ ಎದುರಾಗಿ ಕುರ್ಚಿ ಎಳೆದು ಕೂತು, ಕೆಂಪು ಗಡ್ಡದವನಿಗೆ ಕೈಯೆತ್ತಿ ಅದೇ ಇನ್ನೊಂದು ಗ್ಲಾಸು ತರಿಸಿದಳು: ಅವರ ಶಿಗ್ಗಾವಿ ಗೋದಾಮಿನಲ್ಲಿ ಆ ಹೊಸ ಚೀಲ ಹೊಲಿಸಿದ ಮಾತು ಇನ್ನೂ ಆಡುವುದಿತ್ತು.