ಒಂದು ಹನಿ ಕೆಂಪು

ಜಗತ್ತಿನಿಂದ ಬಣ್ಣಗಳು ಮಾಯವಾದ ಮೇಲೆ ಗದಗಿಗೆ ದಿನಕ್ಕೊಂದೇ ಹನಿ ಕೆಂಪು ಬರುತ್ತಿತ್ತು. ಕಾಣೆಯಾದವರ ಗೋಡೆಯ ಮೇಲಿನ ನಾನೂರು ಬೂದು ಚುಕ್ಕೆಗಳಲ್ಲಿ ಒಂದಕ್ಕೆ ಅದನ್ನು ಹಚ್ಚುವುದು ಶಿವಲೀಲಾಳ ಕೆಲಸ. ಆ ದಿನ ಊರೆಲ್ಲ ಆ ಒಬ್ಬರನ್ನೇ ಹುಡುಕುತ್ತಿತ್ತು; ರಾತ್ರಿ ಕಳೆದರೆ ಚುಕ್ಕೆ ಮತ್ತೆ ಬೂದು.

ಇವತ್ತು ಕಾಣೆಯಾದ ಅವಳ ಗಂಡ ವೀರೇಶನ ಸರದಿ. ತಪ್ಪಿದರೆ ಮತ್ತೆ ಹದಿಮೂರು ತಿಂಗಳು ಕಾಯಬೇಕು. ಅವಳು ಕುಂಚ ಅದ್ದುವಷ್ಟರಲ್ಲಿ ಅಕ್ಕಸಾಲಿಗ ಮೌನೇಶ ಏದುಸಿರು ಬಿಡುತ್ತ ಬಂದ.

"ಅಕ್ಕಾರ, ನಮ್ಮವ್ವ ಮುಂಜಾನಿಂದ ಕಾಣವಲ್ಲಳ್ರಿ. ಆಕಿಗೆ ತನ್ನ ಹೆಸರೂ ನೆನಪಿಲ್ಲ."

ಶಿವಲೀಲಾ ಮುದುಕಿಗೊಂದು ಬೂದು ಚುಕ್ಕೆ ಇಟ್ಟಳು. ಆಮೇಲೆ ಮೇಲ್ವಿಚಾರಕಿ ದ್ಯಾಮವ್ವನನ್ನು ಕೇಳಿದಳು, "ಇಬ್ಬರಿಗೂ ಅರ್ಧರ್ಧ ಹಚ್ಚಲೇನ್ರಿ?"

"ಹ್ವಾದ ವರ್ಷ ಹಂಗ ಮಾಡಿದ್ದಿ. ಎರಡೂ ಮಾಸಿದಂಗ ಕಂಡ್ವು, ಯಾರೂ ತಿರುಗಿ ನೋಡ್ಲಿಲ್ಲ."

ಶಿವಲೀಲಾ ಇಡೀ ಹನಿಯನ್ನು ಮುದುಕಿಯ ಚುಕ್ಕೆಗೆ ಹಚ್ಚಿದಳು. ಮಧ್ಯಾಹ್ನದೊಳಗೆ ಮುದುಕಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಅವಳು ಗಂಡನ ಸರದಿ ಬಿಟ್ಟುಕೊಟ್ಟ ಸಂಗತಿ ತಿಳಿದ ಮೌನೇಶ ಅವ್ವನ ಕೈ ಹಿಡಿದುಕೊಂಡೇ ಗೋಡೆಯ ಮುಂದೆ ಬಂದು ನಿಂತ.

"ನಿಮ್ಮವರ ಚುಕ್ಕಿ ಯಾವುದ್ರಿ?"

ಸಾಲು ಎಣಿಸದೆ, ತಡಕಾಡದೆ ಅವಳು ಒಂದರ ಮೇಲೆ ಬೆರಳಿಟ್ಟಳು.

"ಎಲ್ಲಾ ಒಂದ ನಮೂನಿ ಅದಾವಲ್ರಿ. ಹೆಂಗ ಗುರ್ತ ಹಿಡಿದ್ರಿ?"

"ನನಗ ಅದೊಂದ ಕಾಣತೈತಿ," ಎಂದಳು ಶಿವಲೀಲಾ.