ನಾಲ್ಕು ಪಟ್ಟಿಗಳು

“ನಡುವಿನ ಎರಡು ಪಟ್ಟಿ ಒಂದೇ ಆಗ್ಬಿಟ್ಟಿವೆ. ನಿನ್ನ ಸರ್ಕ್ಯೂಟು ಮತ್ತೆ ಕೈ ಕೊಡ್ತು ನೋಡು,” ಎಂದು ಮುಖ್ಯ ಎಂಜಿನಿಯರ್ ಪರದೆಯತ್ತ ಬೆರಳು ತೋರಿಸಿದಾಗ, ಅವರ ಕೈಕೆಳಗೇ ಕೆಲಸ ಮಾಡುವ ಮಗಳು ಬಗ್ಗಿ ನೋಡಿದಳು. ಪರದೆಯ ಮೇಲೆ ಕಪ್ಪು, ಕಡುಬೂದು, ತಿಳಿಬೂದು, ಬಿಳಿ ನಾಲ್ಕೂ ಗೆರೆ ಕೊರೆದಂತೆ ಬೇರೆಬೇರೆಯಾಗಿದ್ದವು. ಮೇಲಾಗಿ, ಈಗ ಜೋಡಿಸಿದ್ದ ಸರ್ಕ್ಯೂಟು ಅವಳದಲ್ಲ, ಅಪ್ಪನದೇ.

ಈ ನಾಲ್ಕು ಪಟ್ಟಿಗಳಿಗೆ ಬೇಕಾದ ನಾಲ್ಕು ಮಟ್ಟದ ಸಂಕೇತವನ್ನು ಒಂದೇ ತಂತಿಯಲ್ಲಿ ಸಾಗಿಸಲು ಅಪ್ಪ ಅರವತ್ತು ಬಿಡಿಭಾಗ ಬಳಸಿದ್ದರು. ಅವಳು ಅದನ್ನು ಹದಿನೆಂಟಕ್ಕೆ ಇಳಿಸಿದ್ದಳು. ಅದರಲ್ಲಿ ಪಟ್ಟಿಗಳು ಬೆರೆಯುತ್ತವೆಂದು ಮೂರು ತಿಂಗಳಿಂದ ಅವರದು ಒಂದೇ ತಕರಾರು. ಮಗಳ ಮೇಲೂ ಹೊಟ್ಟೆಕಿಚ್ಚೇ ಎಂದು ಹಲ್ಲು ಕಚ್ಚಿಕೊಂಡಿದ್ದವಳು, ಅದನ್ನು ಬಯಲು ಮಾಡಲೆಂದೇ ಇವತ್ತು ಗುಟ್ಟಾಗಿ ಸರ್ಕ್ಯೂಟು ಬದಲಿಸಿದ್ದಳು.

“ಸರ್, ಇದು ನಿಮ್ಮದೇ ಬೋರ್ಡು,” ಎಂದು ಅದನ್ನು ಬಿಚ್ಚಿ ಅವರ ಮುಂದಿಟ್ಟಳು. ಅವರು ನೋಡಲಿಲ್ಲ. ಬೆರಳ ತುದಿಯಿಂದ ಒಂದೊಂದೇ ಬಿಡಿಭಾಗವನ್ನು ತಡವಿ ಎಣಿಸುತ್ತಾ ಹೋದರು. ಎಣಿಕೆ ಹದಿನೆಂಟು ದಾಟುತ್ತಿದ್ದಂತೆ ಕೈ ನಿಂತಿತು.

“ಅಪ್ಪಾ!” ಈ ಕೋಣೆಯಲ್ಲಿ ಅವಳು ಎಂದೂ ಹಾಗೆ ಕರೆದವಳಲ್ಲ. “ಯಾವಾಗ್ನಿಂದ ಕಣ್ಣು ಹೀಗೆ?”

ಅಪ್ಪ ಜೇಬಿನಿಂದ ಕಾರಿನ ಕೀಲಿ ತೆಗೆದು, ಮೇಜಿನ ಮೇಲೆ ಮೆಲ್ಲಗೆ ಅವಳತ್ತ ಸರಿಸಿದರು.

“ನಾಳೆಯಿಂದ ನಿನ್ನ ಮಗೂನ ಸ್ಕೂಲಿಗೆ ನನ್ನ ಬದಲು ನೀನೇ ಬಿಟ್ಟು ಬಾಮ್ಮ.”