ಟ್ಯಾಂಕಿನ ಕೊಕ್ಕೆ

ಯುದ್ಧದ ಟ್ಯಾಂಕಿನ ಮಾದರಿಗೆ ಕೂಡಿಸಬೇಕಿದ್ದ ಕಟ್ಟಕಡೆಯ ತುಣುಕು ಕಳೆದುಹೋಗಿತ್ತು. ಗೋಧಿಕಾಳಿಗಿಂತ ಚಿಕ್ಕದೊಂದು ಪ್ಲಾಸ್ಟಿಕ್ ಕೊಕ್ಕೆ; ಕೆಟ್ಟು ನಿಂತ ಟ್ಯಾಂಕನ್ನು ಸರಪಳಿ ಹಾಕಿ ಎಳೆಯಲು ಹಿಂಬದಿಗೆ ಇರುವಂಥದ್ದು. ಗನಿಸಾಬ ಬೆಳಗಿನಿಂದ ಹುಡುಕಿ, ಹುಡುಕಿಸಿ, ಕೊನೆಗೆ ತಪ್ಪನ್ನೆಲ್ಲ ಹೆಂಡತಿಯ ಕಸಬರಿಗೆಯ ಮೇಲೆ ಹೊರಿಸಿ ಮಂಚದ ಮೇಲೆ ಮುಖ ಗಂಟಿಕ್ಕಿ ಕೂತಿದ್ದ.

ಹೆಂಡತಿ ಹಬೀಬಾ ಸುಮ್ಮನೆ ಬೈಸಿಕೊಂಡಳು. ಬೈಸಿಕೊಳ್ಳುವುದೂ ಅವಳಿಗೀಗ ಒಂದು ಭಾಗ್ಯವೇ. ಏಳು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದಾಗ ಈ ಮನುಷ್ಯ ಬೈಯುವುದನ್ನೂ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ದಾಂಡೇಲಿಯ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನಿಗೆ ಕೈಯೇ ಹೋದ ಮೇಲೆ ಇನ್ನೇನು ಉಳಿಯಿತು? ಆಗ ಹುಬ್ಬಳ್ಳಿಯಿಂದ ಮಗಳು ಶಾಹೀನ ಈ ಪೆಟ್ಟಿಗೆ ಕಳಿಸಿದಳು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ಪರೀಕ್ಷೆಗೆಂದು ಎರಡೇ ಎರಡು ಕಟ್ಟಿದ್ದ ಟ್ಯಾಂಕಿನ ಮಾದರಿ, ಮುನ್ನೂರು ಚಿಲ್ಲರೆ ತುಣುಕು, ಒಂದೊಂದೇ ಅಂಟಿಸಿ ಕೂಡಿಸಬೇಕು. ಅಸಲಿ ಟ್ಯಾಂಕಿನ ತೂಕ ನೂರ ಎಂಬತ್ತೆಂಟು ಟನ್, ಇಟ್ಟ ಹೆಸರು ಮಾತ್ರ ‘ಇಲಿ’. ಇಟ್ಟವನ ತಲೆ ನೆಟ್ಟಗಿರಲಿಲ್ಲ ಎಂದು ಗನಿಸಾಬ ಮೊದಲ ದಿನವೇ ತೀರ್ಪು ಕೊಟ್ಟ. ಆದರೆ ಎದ್ದು ಕೂತ. ಯಾವ ಪುಣ್ಯಾತ್ಮ ಈ ಪೆಟ್ಟಿಗೆ ಮಾಡಿದನೋ, ಅವನ ಮಕ್ಕಳುಮರಿ ತಣ್ಣಗಿರಲಿ ಎಂದು ಹಬೀಬಾ ಐದು ಹೊತ್ತೂ ದುವಾ ಬೇಡುತ್ತಿದ್ದಳು.

ಕೆಲಸವೆಲ್ಲ ಎಡಗೈಯದು. ಬಲಗೈಯನ್ನು ಎಡಗೈಯಿಂದ ಎತ್ತಿ ತಂದು ತುಣುಕಿನ ಮೇಲೆ ಹೇರಿಬಿಡುತ್ತಿದ್ದ. ವರ್ಕ್‌ಶಾಪಿನ ವೈಸು ಕಬ್ಬಿಣವನ್ನು ಕಚ್ಚಿ ಹಿಡಿಯುವಂತೆ ಅದು ಅಲುಗದೆ ಒತ್ತಿ ಹಿಡಿಯುತ್ತಿತ್ತು. ಅಷ್ಟಕ್ಕೇ ಅದರ ಉಪಯೋಗ. ಚಹಾ ಚೆಲ್ಲಿದರೆ ಬಿಸಿ ತಿಳಿಯದು, ಇರುವೆ ಕಚ್ಚಿದರೆ ಉರಿ ತಿಳಿಯದು. ಮೊದಲು ಸ್ಪರ್ಶ ಬರಬೇಕು, ಬಂದರೆ ಕೈಯೂ ಹಿಂದೆಯೇ ಬಂದೀತು, ದಿನ ಹೋದಷ್ಟೂ ಆಸೆ ಕಡಿಮೆ ಎಂದು ಡಾಕ್ಟರು ಹೇಳಿದ್ದರು. ಆರು ತಿಂಗಳು ದಾಟಿದ ಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಈ ಆನೆಯನ್ನು ಎಳೆಯುವವರು ಯಾರು, ಕೊಕ್ಕೆ ಇಲ್ಲದಿದ್ದರೆ ಬಿಡಿ ಎಂದು ಹಬೀಬಾ ಹೇಳಿ ನೋಡಿದಳು. ಒಂದು ನಟ್ಟು ಕಡಿಮೆ ಇಟ್ಟು ತಾನು ಯಾವತ್ತೂ ಮಶೀನು ಚಾಲೂ ಮಾಡಿದವನಲ್ಲ ಎಂದ ಗನಿಸಾಬ. ಕೊನೆಗೆ ಅವಳು ಪಕ್ಕದ ಮನೆಯ ರೋಜಿಯನ್ನು ಕರೆದಳು. ರೋಜಿ ಸಾಂಬ್ರಾಣಿ ಊರಿನ ಕಡೆಯ ಸಿದ್ದಿ ಜನಾಂಗದವಳು, ಗನಿಸಾಬನ ಜೊತೆ ಮಿಲ್ಲಿನಲ್ಲಿದ್ದ ಮಿಂಗೇಲನ ಹೆಂಡತಿ. ಅವಳು ಮೊರ ಹಿಡಿದರೆ ಅಕ್ಕಿಯಲ್ಲಿ ಕಲ್ಲೆಂಬುದು ಉಳಿಯುತ್ತಿರಲಿಲ್ಲ.

ಬೆಳಿಗ್ಗೆ ಗುಡಿಸಿ ಹಾಕಿದ್ದ ಕಸವನ್ನೆಲ್ಲ ರೋಜಿ ಮೊರಕ್ಕೆ ತುಂಬಿಕೊಂಡು ಅಂಗಳದಲ್ಲಿ ಕೂತು ಕೇರಿದಳು. ಧೂಳು ಹಾರಿತು, ಕೂದಲು ಹಾರಿತು. ಸಾಸಿವೆ ನಾಲ್ಕು ಕಾಳು, ಮುರಿದ ಬಳೆಯ ಚೂರು, ತುಕ್ಕು ಹಿಡಿದ ಗುಂಡುಪಿನ್ನು ಸಿಕ್ಕವು. ಕೊಕ್ಕೆ ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂದು ಹೇಳಲು ಒಳಗೆ ಬಂದವಳು ಗನಿಸಾಬನ ತೊಡೆಯ ಮೇಲಿದ್ದ ಬಲಗೈಯನ್ನೇ ನೋಡುತ್ತ ನಿಂತಳು.

“ಅಣ್ಣಾ, ಆ ಕೈ ಸ್ವಲ್ಪ ಹೊರಳಿಸ್ರಿ.”

ಗನಿಸಾಬ ಎಡಗೈಯಿಂದ ಅದನ್ನು ಮಗುಚಿದ. ಕಿರುಬೆರಳಿನ ಬುಡದಲ್ಲಿ ಕೊಕ್ಕೆ ಅಂಟಿಕೊಂಡಿತ್ತು. ಒಣಗಿದ ಅಂಟು ಚರ್ಮದೊಂದಿಗೆ ಬಿಳಿಚಿ ಗಟ್ಟಿಯಾಗಿತ್ತು.

“ಬಗಲಾಗ ಕೂಸಿಟ್ಟುಕೊಂಡು ಊರೆಲ್ಲಾ ಹುಡಿಕ್ಯಾಡಿದಂಗಾತಲ್ರಿ,” ಎಂದು ರೋಜಿ ನಕ್ಕಳು. ಹಬೀಬಾಳೂ ನಕ್ಕಳು. ಗನಿಸಾಬ ನಗಲಿಲ್ಲ. ನಿನ್ನೆ ತುಣುಕು ಒತ್ತಿ ಹಿಡಿದಾಗ ಅಂಟಿದ್ದು ರಾತ್ರಿಯೆಲ್ಲ ಹಾಗೇ ಇದ್ದಿರಬೇಕು, ಈ ಕೈಗೆ ಗೊತ್ತೇ ಆಗಿಲ್ಲ.

“ಸತ್ತ ಕೈಗೆ ಏನ್ ತಿಳೀಬೇಕು,” ಎಂದ ಮೆಲ್ಲಗೆ.

ಹಬೀಬಾಳ ನಗು ಅಲ್ಲೇ ನಿಂತಿತು. ಅಂಟು ಮೆತ್ತಗಾಗಲಿ ಎಂದು ಸಾಬೂನಿನ ಬಿಸಿನೀರು ತರಲು ಅಡುಗೆಮನೆಗೆ ಹೋದಳು. ರೋಜಿಗೆ ಅಷ್ಟು ತಾಳ್ಮೆ ಎಲ್ಲಿ? ಮಂಚದ ಪಕ್ಕ ಕೂತು ಕೊಕ್ಕೆಯ ಕೆಳಗೆ ಉಗುರು ತೂರಿಸಿ ಜಗ್ಗಿದಳು.

“ಏ ತಂಗಿ, ಸಾವಕಾಶ. ನೋಯಾಕತ್ತೈತಿ.”

ಯಾರಾದರೂ ಹೇಳುವಂತೆ, ಯೋಚಿಸದೆ ಹೇಳಿದ್ದ. ತಪ್ಪಾಯಿತು ಎಂದು ರೋಜಿ ಕೈ ಬಿಟ್ಟಳು. ಹಬೀಬಾ ನೀರಿನ ಬೋಗುಣಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಏನಂದಿರಿ, ಇನ್ನೊಮ್ಮೆ ಹೇಳಿ ಎಂದಳು. ಗನಿಸಾಬ ಬೆರಳು ನೋಡಿದ. ಚರ್ಮ ಕಿತ್ತ ಜಾಗದಲ್ಲಿ ಒಂದು ಹನಿ ರಕ್ತ ಮೂಡಿತ್ತು.

“ನೋಯಾಕತ್ತೈತಿ,” ಎಂದ, ಈ ಸಲ ನಿಧಾನವಾಗಿ, ಒಂದೊಂದೇ ಅಕ್ಷರವನ್ನು ನಂಬುತ್ತ.

ಹಬೀಬಾ ಬೋಗುಣಿಯನ್ನು ಕೆಳಗಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತಳು. ಶುಕ್ರ್ ಹೈ, ಶುಕ್ರ್ ಹೈ ಎಂದು ದೇವರ ಉಪಕಾರ ನೆನೆದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ರೋಜಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡಳು. ಹುಟ್ಟಿದಾಗಿನಿಂದ ಯಾರಿಗೂ ಉಪಕಾರವಾಯಿತು ಎಂದವನಲ್ಲ ಗನಿಸಾಬ. ಈಗಲೂ ಆ ಮಾತು ಅವನ ಬಾಯಿಗೆ ಬರಲಿಲ್ಲ, ಕಣ್ಣು ಮಾತ್ರ ತುಂಬಿ ಬಂತು. ಮೂಗು ಒರೆಸಿಕೊಂಡು, ಅಂಟಿನ ಟ್ಯೂಬನ್ನು ಎಡಗೈಯಿಂದ ರೋಜಿಯ ಕಡೆಗೆ ಸರಿಸಿದ.

“ಮಗ್ಗಲ ಬೆರಳಿಗೂ ಒಂದ್ ಹನಿ ಹಾಕು ತಂಗಿ,” ಎಂದ. “ಕಿತ್ತರ ಅದೂ ನೋಯ್ತೈತೇನು ನೋಡೂಣು.”